ಲಾಭ, ಎರಡು, ಮೂರು, ಮೈನಸ್ ಒಂದು

ನನ್ನ ಫೋನಿನ ಆ್ಯಪ್ ಪ್ರಕಾರ ನಾನು ಬಹಳ ಚಂದ ಇಸ್ಪೀಟ್ ಎಲೆ ಎಣಿಸುತ್ತೇನೆ. ಹೋದ ವಾರದ ಅಂಕ 98. ಅದರ ಹಿಂದಿನ ವಾರ 97. ಹಸಿರು ಗೆರೆ ಮೇಲಕ್ಕೆ ಹೋಗ್ತಾನೇ ಇದೆ. ಆದರೆ ಕಲಬುರಗಿಯಲ್ಲಿ ಯಾರಾದರೂ ಒಬ್ಬರು ಬಂದು "ಊಟ ಆಯ್ತೇನ್ರಿ?" ಅಂದರೆ ಸಾಕು, ತಲೆಯಲ್ಲಿದ್ದ ಪ್ಲಸ್ ಏಳು ಎಲ್ಲಿ ಹೋಯ್ತೋ ಗೊತ್ತಾಗುವುದಿಲ್ಲ. "ಹ್ಞೂ ಆಯ್ತು, ನಿಮ್ದು?" ಅಂತ ಕೇಳಿ ಮುಗಿಸುವಷ್ಟರಲ್ಲಿ ಅದು ಏಳೋ ನಾಲ್ಕೋ, ಪ್ಲಸ್ಸೋ ಮೈನಸ್ಸೋ ಅಂತ ನಾನೇ ನನ್ನನ್ನು ಕೇಳಿಕೊಳ್ಳುತ್ತಾ ಕೂತಿರುತ್ತೇನೆ. ಈ ಊರಲ್ಲಿ ಐದು ನಿಮಿಷ ಯಾರೂ ಊಟ ಕೇಳದೆ ಕೂರುವುದು ಎಲ್ಲಿ ಸಾಧ್ಯ? ಹಾಗಾದ್ರೆ ಆ 98 ಯಾವುದರ ಅಂಕ? ಕೆಲವು ತಿಂಗಳಿಂದ ಇದೇ ತಲೆ ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ಜೂಜುಕೋರ ಅಲ್ಲ. ದೀಪಾವಳಿಗೆ ಮೂರೆಲೆ ಆಡಿ ನೂರಿನ್ನೂರು ಕಳೆದುಕೊಂಡಿದ್ದು ಬಿಟ್ಟರೆ ಎಲೆ ಮುಟ್ಟಿದವನೇ ಅಲ್ಲ. ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮಾಳಿಗೆ ಮೇಲೆ ಹಾಸಿಗೆಗೆ ನೀರು ಚಿಮುಕಿಸಿ ಮಲಗಿದರೂ ನಿದ್ದೆ ಹತ್ತಲಿಲ್ಲ. ಸುಮ್ನೆ ಫೋನ್ ನೋಡುತ್ತಿದ್ದಾಗ ಎಡ್ವರ್ಡ್ ಥಾರ್ಪ್ ಅನ್ನೋ ಗಣಿತದ ಮೇಷ್ಟ್ರ ಬಗ್ಗೆ ಓದಿದೆ. ಐಬಿಎಂ 704 ಅನ್ನೋ ಕೋಣೆಯಷ್ಟು ದೊಡ್ಡ ಕಂಪ್ಯೂಟರಿನಲ್ಲಿ ಬ್ಲ್ಯಾಕ್‌ಜ್ಯಾಕ್ ಅನ್ನೋ ಕ್ಯಾಸಿನೊ ಇಸ್ಪೀಟ್ ಆಟದ ಲೆಕ್ಕ ಹಾಕಿ, 1961ರಲ್ಲಿ ಗಣಿತದವರ ಸಭೆಯಲ್ಲಿ ಅದನ್ನು ಹೇಳಿ, 1962ರಲ್ಲಿ ಪುಸ್ತಕ ಬರೆದವರು ಅವರು. ಅವರು ಹೇಳಿದ್ದು ಒಂದೇ ಮಾತು: ಆಡಿದ ಎಲೆ ಮತ್ತೆ ಕಟ್ಟಿಗೆ ಬರುವುದಿಲ್ಲ, ಆದ್ದರಿಂದ ಹೋದದ್ದು ಏನು ಅಂತ ಗೊತ್ತಿದ್ದವನಿಗೆ ಉಳಿದದ್ದು ಏನು ಅಂತಾನೂ ಗೊತ್ತು. ಅಯ್ಯೋ, ಇದು ನಮ್ಮ ಗೋಡೌನಿನ ಲೆಕ್ಕ ಅಲ್ವಾ ಅನ್ನಿಸಿತು. ಬೆಳಿಗ್ಗೆ ಎದ್ದು ಎಣಿಕೆ ಕಲಿಸುವ ಆ್ಯಪ್ ಹಾಕಿಕೊಂಡೆ.

ಎಣಿಕೆ ಅಂದ್ರೆ ಏನು ಅಂತ ಎರಡು ಮಾತು. ಆಟದಲ್ಲಿ ಎಲೆಗಳ ಮೊತ್ತವನ್ನು ಇಪ್ಪತ್ತೊಂದರ ಹತ್ತಿರ ತರಬೇಕು, ದಾಟಿದರೆ ಒಡೆದು ಹೋದ ಹಾಗೆ. ಎದುರಿಗೆ ಇರೋದು ಕ್ಯಾಸಿನೊದ ಡೀಲರ್. ಎರಡರಿಂದ ಆರರವರೆಗಿನ ಎಲೆ ಹೋದರೆ ಒಂದು ಕೂಡಿಸು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಹೋದರೆ ಒಂದು ಕಳೆ. ಏಳು, ಎಂಟು, ಒಂಬತ್ತು ಬಂದರೆ ನೋಡಿದರೂ ನೋಡದ ಹಾಗೆ ಇರು. ಇದೇ ಹೈ-ಲೋ. ಒಟ್ಟು ಮೇಲೆ ಹೋದಂತೆಲ್ಲ ಉಳಿದ ಎಲೆಗಳಲ್ಲಿ ದೊಡ್ಡವು ಜಾಸ್ತಿ ಅಂತ ಅರ್ಥ. ದೊಡ್ಡ ಎಲೆ ಜಾಸ್ತಿ ಇದ್ದರೆ ಆಟಗಾರನಿಗೆ ಅನುಕೂಲ. ಅವನಿಗೆ ಬ್ಲ್ಯಾಕ್‌ಜ್ಯಾಕ್, ಅಂದರೆ ಮೊದಲ ಎರಡೇ ಎಲೆಯಲ್ಲಿ ಇಪ್ಪತ್ತೊಂದು, ಬಿದ್ದರೆ ಒಂದಕ್ಕೆ ಒಂದೂವರೆ ಸಿಗುತ್ತದೆ, ಡೀಲರ್‌ಗೆ ಹಾಗಿಲ್ಲ. ಜೊತೆಗೆ ಡೀಲರ್ ಹದಿನಾರಕ್ಕೆ ನಿಲ್ಲುವ ಹಾಗಿಲ್ಲ, ಇನ್ನೊಂದು ಎಲೆ ಎಳೆಯಲೇಬೇಕು, ದೊಡ್ಡದು ಬಂದರೆ ಒಡೆದು ಹೋಗುತ್ತಾನೆ. ಆಗ ಬಾಜಿ ಏರಿಸು, ಇಲ್ಲದಾಗ ಸಣ್ಣದು ಕಟ್ಟು. ಇಷ್ಟೇ. ಒಂದೊಂದು ಎಲೆ ನೆನಪಿಡಬೇಕು ಅನ್ನೋದು ಸಿನಿಮಾದವರ ಕಥೆ.

ಯಾವ ಪದ್ಧತಿ ಅನ್ನೋ ಗೀಳು

ಇಲ್ಲಿ ನಾನು ಮಾಡಿದ ದಡ್ಡತನ ಹೇಳಲೇಬೇಕು. ಹೈ-ಲೋ ಶುರು ಮಾಡಿ ಎರಡು ವಾರ ಆಗಿರಲಿಲ್ಲ, ಇದಕ್ಕಿಂತ ಒಳ್ಳೇದು ಇದೆ ಅಂತ ಗೊತ್ತಾಯಿತು. ಓಮೆಗಾ ಟೂ. ಅದರಲ್ಲಿ ನಾಲ್ಕು, ಐದು, ಆರಕ್ಕೆ ಪ್ಲಸ್ ಎರಡು. ಎರಡು, ಮೂರು, ಏಳಕ್ಕೆ ಪ್ಲಸ್ ಒಂದು. ಒಂಬತ್ತಕ್ಕೆ ಮೈನಸ್ ಒಂದು, ಹತ್ತು ಮತ್ತು ಚಿತ್ರದ ಎಲೆಗಳಿಗೆ ಮೈನಸ್ ಎರಡು. ಎಂಟಕ್ಕೂ ಎಕ್ಕಕ್ಕೂ ಸೊನ್ನೆ. ಎಕ್ಕಕ್ಕೆ ಸೊನ್ನೆ ಅಂದರೆ ಅದನ್ನು ಬಿಟ್ಟುಬಿಡಿ ಅಂತಲ್ಲ, ಬೇರೆ ಎಣಿಸಿ ಅಂತ. ಆರು ಕಟ್ಟಿನ ಶೂನಲ್ಲಿ (ಡೀಲರ್ ಎಲೆ ಎಳೆಯುವ ಪೆಟ್ಟಿಗೆ) 24 ಎಕ್ಕ. ಅಂದರೆ ತಲೆಯಲ್ಲಿ ಎರಡು ಖಾತೆ. ಲೆಕ್ಕ ಬರೆಯುವವನಿಗೆ ಎರಡು ಖಾತೆ ಏನು ಮಹಾ ಅಂತ ಧಿಮಾಕಿನಲ್ಲಿ ಶುರು ಮಾಡಿದೆ. ಮೂರು ವಾರದಲ್ಲಿ ಎರಡೂ ಖಾತೆ ಕಲಸಿ ಖಿಚಡಿ ಆದವು.

ಆಮೇಲೆ ಕೆ.ಓ. ಅಂತ ಸಿಕ್ಕಿತು, ನಾಕ್-ಔಟ್. ಇದರಲ್ಲಿ ಏಳಕ್ಕೂ ಪ್ಲಸ್ ಒಂದು. ಅಷ್ಟೇ ವ್ಯತ್ಯಾಸ, ಆದರೆ ಅದರಿಂದ ಕೂಡಿಸುವ ಎಲೆಗಳು ಕಳೆಯುವ ಎಲೆಗಳಿಗಿಂತ ಪ್ರತಿ ಕಟ್ಟಿಗೆ ನಾಲ್ಕು ಜಾಸ್ತಿ ಆಗುತ್ತವೆ. ಆರು ಕಟ್ಟಾದರೆ ಮೈನಸ್ ಇಪ್ಪತ್ತರಿಂದ ಎಣಿಕೆ ಶುರು, ಎಲ್ಲಾ ಎಲೆ ಮುಗಿದಾಗ ಪ್ಲಸ್ ನಾಲ್ಕು. ಮೊದಲು ಇದೇನು ವಿಚಿತ್ರ ಅನ್ನಿಸಿತು, ಎಣಿಕೆ ಅಂದ ಮೇಲೆ ಸೊನ್ನೆಯಿಂದಲೋ ಒಂದರಿಂದಲೋ ಶುರುವಾಗಬೇಕು. ಆಮೇಲೆ ನೆನಪಾಯಿತು, ನಮ್ಮ ಅಜ್ಜಿ ಸೇರಿನಲ್ಲಿ ಜೋಳ ಅಳೆಯುವಾಗ ಒಂದು ಅಂತ ಯಾವತ್ತೂ ಅಂದವಳಲ್ಲ. "ಲಾಭ, ಎರಡು, ಮೂರು" ಅಂತಲೇ. ಸೇರಿನ ತುದಿ ಬೆರಳಿನಿಂದ ಸವರಿ, ಚೀಲದ ಬಾಯಿಗೆ ಸುರಿದು, ಲಾಭ. ನಾನು ಚಿಕ್ಕವನಿದ್ದಾಗ ಲಾಭ ಅಂದರೆ ಒಂದು ಅಂತಲೇ ತಿಳಿದಿದ್ದೆ. ಶಾಲೆಯಲ್ಲಿ ಮಗ್ಗಿ ಹೇಳುವಾಗ "ಲಾಭ ಎರಡ್ಲೆ ಎರಡು" ಅಂದು ಪೆಟ್ಟು ತಿಂದಿದ್ದೂ ಇದೆ. ಲಾಭದಿಂದ ಶುರು ಮಾಡುವ ಜನಕ್ಕೆ ಮೈನಸ್ ಇಪ್ಪತ್ತರಿಂದ ಶುರು ಮಾಡೋದು ಏನು ಕಷ್ಟ ಬಿಡಿ. ಹೆಸರು ಮಾತ್ರ ಉಲ್ಟಾ.

ಪದ್ಧತಿ ಬದಲಾಯಿಸುವುದರಲ್ಲಿ ಒಂದು ಸುಖ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಹೊಸದನ್ನು ಶುರು ಮಾಡಿದಾಗ ತಪ್ಪು ಮಾಡಿದರೆ ನಾಚಿಕೆ ಇಲ್ಲ, ಹೊಸದಲ್ವಾ ಅಂತ ನೆಪ ಇರುತ್ತದೆ. ಹಳೆಯದರಲ್ಲೇ ಮೂರನೇ ತಿಂಗಳೂ ತಪ್ಪಿದರೆ ಅದು ನಿನ್ನದೇ ತಪ್ಪು. ರಾತ್ರಿ ಹನ್ನೊಂದರವರೆಗೆ ಕೋಷ್ಟಕ ಹೋಲಿಸುತ್ತಾ ಕೂರುತ್ತಿದ್ದೆ. ಬಾಜಿ ಕಟ್ಟುವ ಹೊತ್ತನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವುದಕ್ಕೆ ಒಂದು ಅಂಕ ಇದೆ: ಹೈ-ಲೋಗೆ 0.97, ಕೆ.ಓ.ಗೆ 0.98, ಓಮೆಗಾಗೆ 0.92. ಕೈಯಲ್ಲಿರುವ ಎಲೆ ಹೇಗೆ ಆಡಬೇಕು ಅನ್ನುವುದಕ್ಕೆ ಇನ್ನೊಂದು: ಹೈ-ಲೋ 0.51, ಓಮೆಗಾ 0.67. ಎರಡನೆಯ ಅಂಕ ನೋಡಿ ಓಮೆಗಾಗೆ ಮರುಳಾಗಿದ್ದೆ. ಆದರೆ ಆರು ಕಟ್ಟಿನ ಆಟದಲ್ಲಿ ಲಾಭದ ಬಹುಪಾಲು ಬರುವುದೇ ಬಾಜಿ ಏರಿಸಿ ಇಳಿಸುವುದರಿಂದ. ಅದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಹೋಗಿತ್ತು. 1963ರಲ್ಲಿ ಹಾರ್ವೆ ಡಬ್ನರ್ ಮುಂದಿಟ್ಟು, ಆಮೇಲೆ ಐಬಿಎಂನ ಜೂಲಿಯನ್ ಬ್ರಾನ್ ತಿದ್ದಿ ತೀಡಿದ ಹೈ-ಲೋವನ್ನೇ ಇವತ್ತಿಗೂ ಜನ ಮೊದಲು ಕಲಿಯುವುದು ಸುಮ್ಮನೆ ಅಲ್ಲ. ಸುತ್ತಿ ಬಳಸಿ ನಾನೂ ಅಲ್ಲಿಗೇ ವಾಪಸ್ ಬಂದೆ.

ಕೆ.ಓ. ಬಿಡಲು ಒಂದು ಕಾರಣ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೈ-ಲೋದಲ್ಲಿ ಬಂದ ಒಟ್ಟನ್ನು ಉಳಿದ ಕಟ್ಟುಗಳಿಂದ ಭಾಗಿಸಬೇಕು. ಪ್ಲಸ್ ಆರು ಇದ್ದು ಮೂರು ಕಟ್ಟು ಉಳಿದಿದ್ದರೆ ಟ್ರೂ ಕೌಂಟ್ ಎರಡು, ಒಂದೇ ಕಟ್ಟು ಉಳಿದಿದ್ದರೆ ಆರು. ಕೆ.ಓ.ದಲ್ಲಿ ಈ ಭಾಗಾಕಾರ ಇಲ್ಲ, ಅದಕ್ಕೇ ಸುಲಭ ಅಂತ ಜನ ಹಿಡಿಯುತ್ತಾರೆ. ನನಗೆ ಮಾತ್ರ ಆ ಭಾಗಾಕಾರವೇ ಇಷ್ಟ. ಹತ್ತು ಕ್ವಿಂಟಲ್ ತೊಗರಿ ಕಡಿಮೆ ಬಿತ್ತು ಅಂದರೆ ಸಾಲದು, ಎಷ್ಟು ಲಾರಿಯಲ್ಲಿ ಅಂತ ಕೇಳಬೇಕು. ಒಂದು ಲಾರಿಯಲ್ಲಾದರೆ ಕಳ್ಳತನ, ನೂರು ಲಾರಿಯಲ್ಲಾದರೆ ತೇವ ಆರಿದ್ದು.

ಚೀಲ ಎಣಿಸುವವರ ಹತ್ತಿರ

ನಮ್ಮ ಮಿಲ್ಲಿನ ಅಂಗಳದಲ್ಲಿ ಚೀಲ ಎಣಿಸುವ ಹಿರಿಯರೊಬ್ಬರಿದ್ದಾರೆ. ಅರವತ್ತು ದಾಟಿದೆ. ಗಂಜಿನಲ್ಲಿ ಅಡತಿ ಅಂಗಡಿಯಲ್ಲಿ ಕೆಲಸ ಮಾಡಿ ಆಮೇಲೆ ಇಲ್ಲಿಗೆ ಬಂದವರು. ಲಾರಿ ಹಿಂದೆ ಹಲಗೆ ಹಾಕಿರುತ್ತದೆ, ಹಮಾಲರು ಬೆನ್ನಿಗೆ ಚೀಲ ಹೊತ್ತು ಒಬ್ಬರ ಹಿಂದೆ ಒಬ್ಬರು ಇಳಿಯುತ್ತಾರೆ, ಇವರು ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಬಾಯಲ್ಲಿ ಎಲೆ ಅಡಿಕೆ. ಮೊದಲ ಚೀಲಕ್ಕೆ ಇವರೂ ಲಾಭ ಅಂತಲೇ ಅನ್ನೋದು.

ಒಂದು ಮಧ್ಯಾಹ್ನ ಅವರನ್ನೇ ನೋಡುತ್ತಾ ನಿಂತೆ. ಹೊರಗೆ ಬಿಸಿಲು ತಗಡಿನ ಮೇಲೆ ಸುಡುತ್ತಿತ್ತು, ತೊಗರಿಯ ಧೂಳು ಬಾಗಿಲಿನ ಬೆಳಕಿನಲ್ಲಿ ಹಳದಿ ಪರದೆಯ ಹಾಗೆ ನಿಂತಿತ್ತು. ಡ್ರೈವರ್ ಬಂದು "ಊಟ ಆಯ್ತೇನ್ ಕಾಕಾ?" ಅಂದ. ಇವರು ತಲೆ ಎತ್ತಲಿಲ್ಲ. "ಮೂವತ್ತೇಳು" ಅಂದರು. ಡ್ರೈವರ್ ಸುಮ್ಮನೆ ಹೋದ. ಸ್ವಲ್ಪ ಹೊತ್ತಿಗೆ ಮಾಲೀಕರ ಮಗ ಬಂದು ಯಾವುದೋ ಬಿಲ್ಲಿನ ಬಗ್ಗೆ ಕೇಳಿದ. "ನಲವತ್ತೆರಡು." ಅವನೂ ಹೋದ. ಅಂಗಳದಲ್ಲಿ ಎಲ್ಲರಿಗೂ ಗೊತ್ತು, ಇವರು ಸಂಖ್ಯೆ ಹೇಳಿದರೆ ಈಗ ಮಾತಾಡಿಸಬೇಡಿ ಅಂತ ಅರ್ಥ. ನನಗೆ ಹೊಟ್ಟೆಕಿಚ್ಚಾಯಿತು. ಬ್ಲ್ಯಾಕ್‌ಜ್ಯಾಕ್ ಮೇಜಿನ ಮುಂದೆ ಕೂತು ಡೀಲರ್ "ಹೇಗಿದ್ದೀರಿ ಸರ್" ಅಂದಾಗ "ಪ್ಲಸ್ ಒಂಬತ್ತು" ಅಂದರೆ ಏನಾಗುತ್ತದೆ ಊಹಿಸಿ!

ಚಹಾದ ಹೊತ್ತಿಗೆ ಅವರಿಗೆ ಹೈ-ಲೋ ಹೇಳಿಕೊಟ್ಟೆ. ಫೋನ್ ಕೈಗೆ ಕೊಟ್ಟು, ಸಣ್ಣ ಎಲೆ ಬಂದರೆ ಚೀಲ ಒಳಗೆ, ದೊಡ್ಡದು ಬಂದರೆ ಚೀಲ ಹೊರಗೆ ಅಂದೆ. ಹತ್ತು ಹದಿನೈದು ಎಲೆ ನೋಡಿದರು. ಐದು ಎಲೆ ಆದ ಮೇಲೆ ಅವರ ಬೆರಳು ತಾನಾಗಿಯೇ ಅಡ್ಡ ಗೆರೆ ಎಳೆಯಲು ಹೋಗುತ್ತಿತ್ತು. ಆಮೇಲೆ ಫೋನ್ ವಾಪಸ್ ಕೊಟ್ಟರು. "ಇದೇನ್ರಿ ಇದು, ಒಳಗ ಹೋಗ್ತಾವ, ಹೊರಗ ಬರ್ತಾವ, ಕಡೀಕ ನೋಡಿದ್ರ ಗೋಡೌನ್ ಖಾಲಿ. ಇಂಥಾ ಧಂಧೆ ಯಾರ್ ಮಾಡ್ತಾರ್ರಿ?" ಅಂದರು. ಅವರು ಹೇಳಿದ್ದು ಖರೇ. ಹೈ-ಲೋದಲ್ಲಿ ಒಂದು ಕಟ್ಟಿನ 52 ಎಲೆಯಲ್ಲಿ ಇಪ್ಪತ್ತು ಕೂಡಿಸೋದು, ಇಪ್ಪತ್ತು ಕಳೆಯೋದು, ಹನ್ನೆರಡು ಲೆಕ್ಕಕ್ಕಿಲ್ಲ. ಸರಿಯಾಗಿ ಎಣಿಸಿದರೆ ಕೊನೆಗೆ ಸೊನ್ನೆಯೇ ಬರಬೇಕು. ಸೊನ್ನೆ ಬಂದರೆ ಖುಷಿಪಡುವ ಲೆಕ್ಕ ನಲವತ್ತು ವರ್ಷ ಚೀಲ ಎಣಿಸಿದವರಿಗೆ ಹೇಗೆ ಹಿಡಿಸೀತು.

ಅವರಿಂದ ಒಂದು ಮಾತ್ರ ಕಲಿತೆ, ಅದೂ ಅವರು ಕಲಿಸಿದ್ದಲ್ಲ. ಮಾತಾಡಲೇಬೇಕಾದಾಗ ಅವರ ಎಡಗೈ ಹೆಬ್ಬೆರಳು ಬೆರಳಿನ ಗೆಣ್ಣಿನ ಮೇಲೆ ನಿಂತಿರುತ್ತಿತ್ತು. ಜಪ ಮಾಡುವವರು ಎಣಿಸುವ ಹಾಗೆ. ನಾಲ್ಕು ಬೆರಳಿಗೆ ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು. ಪ್ಲಸ್ಸಿಗೆ ಬಲಗೈ, ಮೈನಸ್ಸಿಗೆ ಎಡಗೈ ಅಂತ ನಾನು ಮಾಡಿಕೊಂಡೆ. ಯಾರಾದರೂ ಮಾತಾಡಿಸಿದರೆ ಅಂಕೆಯನ್ನು ಗೆಣ್ಣಿನ ಮೇಲೆ ನಿಲ್ಲಿಸಿ ಉತ್ತರ ಕೊಡೋದು, ಆಮೇಲೆ ಅಲ್ಲಿಂದ ಎತ್ತಿಕೊಳ್ಳೋದು. ಯಾವ ಆ್ಯಪೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಶೇಂಗಾ ಬೀಜದ ಮೇಜು

ಸಾಫ್ಟ್‌ವೇರ್ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಬೇಸಿಕ್ ಸ್ಟ್ರಾಟಜಿಯೇ, ಅಂದರೆ ಯಾವ ಕೈಗೆ ಎಲೆ ಎಳೀಬೇಕು, ಯಾವುದಕ್ಕೆ ನಿಲ್ಲಬೇಕು ಅನ್ನೋ ಕೋಷ್ಟಕವೇ, ನನಗೆ ಬರುತ್ತಿರಲಿಲ್ಲ. ಹದಿನಾರು ಇಟ್ಟುಕೊಂಡು ಡೀಲರ್ ಎದುರಿಗೆ ಹತ್ತು ಕಂಡಾಗ ಎಲೆ ಎಳೆಯೋಕೆ ಎದೆ ಒಪ್ಪುವುದಿಲ್ಲ. ಆ್ಯಪ್ ಸಾವಿರ ಸಲ ಟೊಂಯ್ ಅಂತ ಬೈದ ಮೇಲೆ ಕೈ ತಾನಾಗಿ ಹೋಗುತ್ತದೆ. (ಆಮೇಲೆ ಎಣಿಕೆ ಕಲಿತಾಗ, ಕೌಂಟ್ ಸೊನ್ನೆಯ ಮೇಲಿದ್ದರೆ ಅದೇ ಹದಿನಾರಕ್ಕೆ ನಿಲ್ಲಬೇಕು ಅಂತ ಹೇಳಿದರು. ತಲೆ ಚಚ್ಚಿಕೊಂಡೆ.) ಕಂಪ್ಯೂಟರಿಗೆ ಹಾಕುವ ಕ್ಯಾಸಿನೊ ವೆರಿಟೆ ಅಂತ ಒಂದಿದೆ, ಈ ವಿದ್ಯೆಯ ಹಳಬರೆಲ್ಲ ಅದನ್ನೇ ಹೇಳೋದು, ದುಡ್ಡು ಕೊಡಬೇಕು. ನಾನು ಪುಕ್ಕಟೆ ಆ್ಯಪಿನಲ್ಲೇ ಇದ್ದವನು. ಅದು ಎಲೆಯನ್ನು ನೀಟಾಗಿ, ನೇರವಾಗಿ, ಒಂದೇ ವೇಗದಲ್ಲಿ ತೋರಿಸುತ್ತದೆ. ಕೊನೆಗೆ ಕೌಂಟ್ ಎಷ್ಟು ಅಂತ ಮರ್ಯಾದೆಯಿಂದ ಕೇಳುತ್ತದೆ. ಮಧ್ಯೆ ಊಟ ಆಯ್ತಾ ಅಂತ ಕೇಳುವುದಿಲ್ಲ.

ಹಾಗಾಗಿ ಸೂಪರ್ ಮಾರ್ಕೆಟ್ಟಿಗೆ ಹೋಗಿ ಆರು ಕಟ್ಟು ಇಸ್ಪೀಟ್ ತಂದೆ. ಅಂಗಡಿಯವನು "ಏನ್ರಿ, ಕ್ಲಬ್ ಹಾಕ್ಲಕತ್ತೀರೇನು?" ಅಂದ. 312 ಎಲೆ ಒಟ್ಟಿಗೆ ಕಲಸೋದು ಹಿಟ್ಟು ನಾದಿದಷ್ಟೇ ಕೆಲಸ, ಗೊತ್ತಿರಲಿ. ಎಳ್ಳಮಾವಾಸ್ಯೆಗೆ ಗೆಳೆಯನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ ಎಲ್ಲ ಕಂಠಮಟ್ಟ ತಿಂದು, ಬನ್ನಿ ಮರದ ಕೆಳಗೆ ಕಂಬಳಿ ಹಾಸಿ ಎಲೆ ಬಿಚ್ಚಿದೆ. ಗೆಳೆಯ ಡೀಲರ್, ನಾವು ನಾಲ್ಕು ಜನ ಆಟಗಾರರು, ಬಾಜಿ ಶೇಂಗಾ ಬೀಜ. ಗೆಳೆಯ ಎಲೆ ಹಾಕುವ ರೀತಿ ನೋಡಬೇಕಿತ್ತು. ಒಂದರ ಮೇಲೊಂದು, ಅರ್ಧ ಮುಚ್ಚಿ, ಕೆಲವು ಉಲ್ಟಾ, ಗಾಳಿ ಬಂದಾಗ ಎರಡು ಹಾರಿ ಜೋಳದ ಸಾಲಿಗೆ ಬಿದ್ದವು. ಒಬ್ಬ ಒಡೆದು ಹೋದ ಕೂಡಲೇ ಅವನ ಎಲೆ ಎತ್ತಿಬಿಡುತ್ತಿದ್ದ. ಅದರಲ್ಲಿ ಏನಿತ್ತು ಅಂತ ನೋಡುವಷ್ಟರಲ್ಲಿ ಆಚೆಯವನು ನನ್ನ ಬೀಜ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಅವತ್ತು ಎರಡು ಗಂಟೆ ಆಡಿದೆವು. ಸರಿಯಾಗಿ ಕೌಂಟ್ ಹಿಡಿದಿದ್ದು ನನ್ನ ಅಂದಾಜಿಗೆ ಒಂದು ಶೂ. ಆದರೂ ಅಲ್ಲೇ ಒಂದು ಅಭ್ಯಾಸ ಹತ್ತಿತು. ಒಂದೊಂದೇ ಎಲೆ ಎಣಿಸದೆ ಜೋಡಿ ಹೊಡೆಯೋದು. ರಾಜನೂ ಐದೂ ಅಕ್ಕಪಕ್ಕ ಕಂಡರೆ ಎರಡನ್ನೂ ಬಿಟ್ಟುಬಿಡು, ಒಂದಕ್ಕೊಂದು ವಜಾ. ಮೇಜಿನ ಮೇಲೆ ಉಳಿಯೋದು ಎರಡೋ ಮೂರೋ ಎಲೆ, ಅವನ್ನು ಮಾತ್ರ ಕೂಡಿಸು. ಆ್ಯಪ್ ಒಂದೊಂದೇ ಎಲೆ ತೋರಿಸಿ ನನಗೆ ಬೇಡದ ಚಟ ಹತ್ತಿಸಿತ್ತು. ಶೇಂಗಾ ಲೆಕ್ಕದಲ್ಲಿ ನಾನು ಸೋತೆ, ಅದು ಬೇರೆ.

ದುಡ್ಡಿನ ಮಾತು

ಇಷ್ಟೆಲ್ಲ ಕೇಳಿದವರು ಕೊನೆಗೆ ಕೇಳೋದು ಒಂದೇ: ಎಷ್ಟು ಗಳಿಸಬಹುದು? ಬೇಸಿಕ್ ಸ್ಟ್ರಾಟಜಿ ತಪ್ಪದೆ ಆಡಿದರೆ, ನಿಯಮ ಒಳ್ಳೆಯವಿದ್ದರೆ, ಕ್ಯಾಸಿನೊಗೆ ಇರುವ ಅನುಕೂಲ ನೂರಕ್ಕೆ ಅರ್ಧ ರೂಪಾಯಿಯಷ್ಟು. ಟ್ರೂ ಕೌಂಟ್ ಒಂದು ಏರಿದರೆ ಹೆಚ್ಚುಕಡಿಮೆ ಅರ್ಧ ರೂಪಾಯಿ ನಿನ್ನ ಕಡೆ ಬರುತ್ತದೆ. ಚೆನ್ನಾಗಿ ಎಣಿಸುವವನಿಗೆ ಒಟ್ಟಾರೆ ನೂರಕ್ಕೆ ಒಂದು ರೂಪಾಯಿ ಸಿಕ್ಕರೆ ದೊಡ್ಡದು. ಈಗ ನೂರು ರೂಪಾಯಿಯಂತೆ ನೂರು ಕೈ ಆಡಿದ ಅಂತಿಟ್ಟುಕೊಳ್ಳಿ, ಲೆಕ್ಕದ ಪ್ರಕಾರ ನೂರು ರೂಪಾಯಿ ಲಾಭ. ಆದರೆ ಅದೇ ನೂರು ಕೈಯಲ್ಲಿ ಅದೃಷ್ಟದ ಏರಿಳಿತ ಸಾವಿರದ ನೂರೈವತ್ತು ರೂಪಾಯಿ ಅತ್ತಿತ್ತ. ಲಾಭ ಆ ಏರಿಳಿತಕ್ಕೆ ಸಮ ಆಗಬೇಕಾದರೆ ಹದಿಮೂರು ಸಾವಿರ ಕೈ ಆಡಬೇಕು. ಇದನ್ನು ಲೆಕ್ಕ ಹಾಕಿದ ದಿನ ನನಗೆ ನಮ್ಮ ತೊಗರಿ ರೈತ ನೆನಪಾದ. ಅವನಿಗೂ ಹೀಗೇ, ಸರಾಸರಿ ಲಾಭ ಕಾಗದದ ಮೇಲೆ ಇರುತ್ತದೆ, ಮಳೆ ಅದರ ಹತ್ತು ಪಟ್ಟು ಅತ್ತಿತ್ತ ಮಾಡುತ್ತದೆ. ರೈತ ಹದಿಮೂರು ಸಾವಿರ ಬೆಳೆ ತೆಗೆಯುವುದಿಲ್ಲ ಅನ್ನೋದಷ್ಟೇ ವ್ಯತ್ಯಾಸ.

ಒಂದು ಸಲ ಪಣಜಿಗೆ ಹೋಗಿದ್ದೂ ಆಯಿತು. ಬೆಳಗಾವಿಯಲ್ಲಿ ಮದುವೆ ಇತ್ತು, ಅಲ್ಲಿಂದ ಗೆಳೆಯರು ಎಳೆದುಕೊಂಡು ಹೋದರು. ಮಾಂಡವಿ ನದಿಯಲ್ಲಿ ನಿಂತ ಹಡಗು, ದೀಪದ ಜಾತ್ರೆ. ಎದೆ ಢವಢವ ಅನ್ನುತ್ತಿತ್ತು. ಬ್ಲ್ಯಾಕ್‌ಜ್ಯಾಕ್ ಮೇಜಿನ ಹಿಂದೆ ನಿಂತು ಗೆಣ್ಣಿನ ಮೇಲೆ ಹೆಬ್ಬೆರಳು ಇಟ್ಟೆ. ಮೊದಲ ಆಟ ಮುಗಿಯಿತು, ಪ್ಲಸ್ ಮೂರು. ಡೀಲರ್ ಹುಡುಗಿ ಎಲ್ಲಾ ಎಲೆ ಬಾಚಿಕೊಂಡಳು, ಪಕ್ಕದಲ್ಲಿದ್ದ ಕಪ್ಪು ಪೆಟ್ಟಿಗೆಗೆ ಹಾಕಿದಳು, ಅದೇ ಪೆಟ್ಟಿಗೆಯಿಂದ ಮುಂದಿನ ಆಟಕ್ಕೆ ಎಲೆ ಎಳೆದಳು. ಆಟ ಆಡ್ತಾ ಆಡ್ತಾನೇ ಕಲಸುವ ಯಂತ್ರ. ಹೋದ ಎಲೆ ಅಲ್ಲಿ ಹೋಗುವುದೇ ಇಲ್ಲ. ಥಾರ್ಪ್ ಮೇಷ್ಟ್ರು ಹೇಳಿದ ಒಂದೇ ಮಾತನ್ನು ಆ ಪೆಟ್ಟಿಗೆ ನುಂಗಿ ಕೂತಿತ್ತು. ನನ್ನ ಪ್ಲಸ್ ಮೂರನ್ನು ಗೆಣ್ಣಿನಿಂದ ಇಳಿಸಿ ಊಟದ ಕಡೆ ಹೋದೆ. ಪ್ರವೇಶದ ದುಡ್ಡಿನಲ್ಲೇ ಊಟ ಇತ್ತು, ಅದನ್ನಾದರೂ ವಸೂಲಿ ಮಾಡಿದೆ.

ಅಮೆರಿಕದಲ್ಲಿ ತಲೆಯಲ್ಲಿ ಎಣಿಸೋದು ಅಪರಾಧ ಅಲ್ಲ. ಯಂತ್ರ ಇಟ್ಟುಕೊಂಡು ಎಣಿಸಿದರೆ ಮಾತ್ರ ನೆವಾಡಾದಲ್ಲಿ 1985ರಿಂದ ಅಪರಾಧ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ಕೆನ್ ಯೂಸ್ಟನ್ ಅನ್ನೋ ಎಣಿಕೆಗಾರನ ಪರವಾಗಿ, ಎಣಿಸುತ್ತಾನೆ ಅಂತ ಕ್ಯಾಸಿನೊ ಅವನನ್ನು ಹೊರಗೆ ಹಾಕುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಇದನ್ನೆಲ್ಲ ಓದಿಕೊಂಡು ಹೋಗಿದ್ದೆ, ಯಾರಾದರೂ ಬಂದು ಎದ್ದೇಳಿ ಅಂದರೆ ಏನು ಹೇಳಬೇಕು ಅಂತ ಬಸ್ಸಿನಲ್ಲಿ ಮಾತೂ ಜೋಡಿಸಿಕೊಂಡಿದ್ದೆ. ಯಾರೂ ಬರಲಿಲ್ಲ. ನನ್ನನ್ನು ಯಾರೂ ನೋಡಲೂ ಇಲ್ಲ.

ಆದರೂ ಎಲೆ ಬಿಟ್ಟಿಲ್ಲ. ದಿನಾ ಸಂಜೆ ಒಂದು ಕಟ್ಟು ಎಣಿಸುತ್ತೇನೆ. ಮೂವತ್ತು ಸೆಕೆಂಡಿನೊಳಗೆ ಮುಗಿಸಬೇಕು ಅಂತಾರೆ, ನನ್ನದು ಈಗ ಇಪ್ಪತ್ತಾರಕ್ಕೆ ಬಂದಿದೆ. ಅಣ್ಣನ ಮಗಳಿಗೆ ಇದರಲ್ಲಿ ಒಂದು ಆಟ ಇಷ್ಟ. ಒಂದು ಎಲೆ ತೆಗೆದು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ. ನಾನು ಉಳಿದ 51 ಎಣಿಸಿ ಅವಳ ಹತ್ತಿರ ಇರೋದು ಏನು ಅಂತ ಹೇಳಬೇಕು. ಮೊನ್ನೆ ಎಣಿಸುತ್ತಿದ್ದಾಗ ಅಡುಗೆಮನೆಯಿಂದ "ಚಹಾ ಕುಡೀತೀಯೇನೋ?" ಅಂತ ಅವ್ವ ಕೂಗಿದಳು. ಗೆಣ್ಣಿನ ಮೇಲೆ ನಿಲ್ಲಿಸಿ, ಹ್ಞೂ ಅಂದು, ಮತ್ತೆ ಎತ್ತಿಕೊಂಡು ಮುಗಿಸಿದೆ. ಪ್ಲಸ್ ಒಂದು.

"ದೊಡ್ಡ ಎಲೆ" ಅಂದೆ.

"ಯಾವ್ದು? ರಾಜನಾ, ರಾಣಿನಾ?"

"ಹತ್ತು, ಗುಲಾಮ, ರಾಣಿ, ರಾಜ, ಎಕ್ಕ. ಇದ್ರಾಗ ಒಂದು."

"ಅಷ್ಟೇನಾ ಕಾಕಾ? ಅಂದ್ರ ನಿನಗ ಗೊತ್ತಿಲ್ಲ ಅಂತ."

ಎಲೆ ತಿರುಗಿಸಿ ನೆಲದ ಮೇಲೆ ಇಟ್ಟಳು. ಆಟೀನ್ ಐದು. ಅಂದರೆ ಮೈನಸ್ ಒಂದು ಬರಬೇಕಿತ್ತು, ಎರಡು ತಪ್ಪಿದೆ. ಎಲ್ಲೋ ಒಂದು ದೊಡ್ಡ ಎಲೆಯನ್ನು ಸಣ್ಣದು ಅಂತ ಎಣಿಸಿದ್ದೇನೆ, ಹೊರಗೆ ಹೋದ ಚೀಲವನ್ನು ಒಳಗೆ ಬರೆದ ಹಾಗೆ. ಚಹಾದ ಹೊತ್ತಿಗೋ, ಅದಕ್ಕೂ ಮುಂಚೆಯೋ. ಮತ್ತೊಮ್ಮೆ ಕಲಸು ಅಂದೆ. ಅವಳು ಈಗಾಗಲೇ ಕಲಸುತ್ತಿದ್ದಳು.